ಜಡತ್ವ: ಮೊಟ್ಟೆ ಹಸಿಯೋ ಬೆಂದದ್ದೋ ಅಂತ ಒಡೆಯದೆ ತಿಳಿಯೋದು

ಬೇಯಿಸಿದ ಮೊಟ್ಟೆ, ಹಸಿ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಬೆರೆತುಹೋದರೆ ನೋಡಿ ಹೇಳೋದು ಕಷ್ಟ. ತೂಕವೂ ಹೆಚ್ಚುಕಡಿಮೆ ಒಂದೇ. ನೀರಿಗೆ ಹಾಕಿ ನೋಡೋ ಉಪಾಯ ಇಲ್ಲಿ ನಡೆಯಲ್ಲ, ಅದು ಮೊಟ್ಟೆ ಹಳೆಯದಾ ಅಂತ ತಿಳಿಯೋಕೆ ಮಾತ್ರ. ಇಲ್ಲಿ ಕೆಲಸಕ್ಕೆ ಬರೋದು ಜಡತ್ವ.

ನಿಂತಿರುವ ವಸ್ತು ತಾನಾಗಿ ಹೊರಡುವುದಿಲ್ಲ, ಹೊರಟದ್ದು ತಾನಾಗಿ ನಿಲ್ಲುವುದಿಲ್ಲ, ಎರಡಕ್ಕೂ ಹೊರಗಿನಿಂದ ಬಲ ಬೀಳಬೇಕು. ಈ ಗುಣವೇ ಜಡತ್ವ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ಮೊದಲ ನಿಯಮ ಹೇಳುವುದೂ ಇದನ್ನೇ. ತಿರುಗುವ ವಸ್ತುಗಳಿಗೂ ಇದೇ ಗುಣ ಇದೆ. ಒಂದು ಲೋಟ ನೀರಿನ ಮೇಲೆ ಕಾಗದದ ಚೂರು ತೇಲಿಬಿಟ್ಟು ಲೋಟವನ್ನು ಥಟ್ಟನೆ ತಿರುಗಿಸಿ ನೋಡಿ. ಲೋಟ ತಿರುಗುತ್ತೆ, ಚೂರು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೆ.

ಹಸಿ ಮೊಟ್ಟೆಯೊಳಗೂ ಆಗೋದು ಇದೇ. ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿದರೆ ನಿಮ್ಮ ಬಲ ಮೊದಲು ತಾಗೋದು ಚಿಪ್ಪಿಗೆ. ಒಳಗಿನ ಲೋಳೆ ಹಿಂದೆ ಉಳಿದು ಚಿಪ್ಪನ್ನು ಎಳೆದು ನಿಧಾನ ಮಾಡುತ್ತೆ, ಹಳದಿ ಭಾಗ ಬೇರೆ ಅತ್ತಿತ್ತ ಸರಿಯುತ್ತೆ, ಹಾಗಾಗಿ ಮೊಟ್ಟೆ ಓಲಾಡುತ್ತಾ ಬೇಗ ಸುಸ್ತಾಗುತ್ತೆ. ಬೆಂದದ್ದು ಒಳಗೂ ಹೊರಗೂ ಒಂದೇ ಗಟ್ಟಿ ವಸ್ತು, ಸಲೀಸಾಗಿ ಗಿರಗಿರ ತಿರುಗುತ್ತೆ.

ಆದರೆ ವೇಗ ನೋಡಿಯೇ ತೀರ್ಮಾನ ಮಾಡಬೇಡಿ, ಹೋಲಿಸೋಕೆ ಇನ್ನೊಂದು ಮೊಟ್ಟೆ ಇಲ್ಲದಿದ್ದರೆ ಅನುಮಾನ ಉಳಿಯುತ್ತೆ. ನನಗೆ ಜಾಸ್ತಿ ನಂಬಿಕೆ ಇರೋದು ನಿಲ್ಲಿಸುವ ಪರೀಕ್ಷೆ ಮೇಲೆ. ತಿರುಗುತ್ತಿರುವ ಮೊಟ್ಟೆಯನ್ನು ಬೆರಳಿನಿಂದ ಒತ್ತಿ ನಿಲ್ಲಿಸಿ, ತಕ್ಷಣ ಬೆರಳು ತೆಗೆಯಿರಿ. ಬೆಂದದ್ದಾದರೆ ಅಲ್ಲೇ ನಿಂತಿತು. ಹಸಿಯದಾದರೆ ಮತ್ತೆ ಮೆಲ್ಲಗೆ ತಿರುಗೋಕೆ ಶುರು! ನೀವು ನಿಲ್ಲಿಸಿದ್ದು ಚಿಪ್ಪನ್ನು ಮಾತ್ರ, ಒಳಗಿನ ದ್ರವ ಇನ್ನೂ ಸುತ್ತುತ್ತಲೇ ಇತ್ತು ಅಲ್ವಾ, ಅದೇ ಚಿಪ್ಪನ್ನು ಮತ್ತೆ ಎಳೆಯುತ್ತೆ. ಬೆರಳನ್ನು ಸುಮ್ನೆ ಇಟ್ಟುಕೊಂಡೇ ಇದ್ದರೆ ದ್ರವವೂ ನಿಂತುಬಿಡುತ್ತೆ, ಆಗ ಏನೂ ಗೊತ್ತಾಗಲ್ಲ. ಅರ್ಧ ಬೆಂದ ಮೊಟ್ಟೆಯಲ್ಲೂ ಫಲಿತಾಂಶ ಗೊಂದಲವೇ.

ಬೆಂದ ಮೊಟ್ಟೆಯನ್ನು ಇನ್ನೂ ಜೋರಾಗಿ ತಿರುಗಿಸಿದರೆ ಅದು ಎದ್ದು ತುದಿಯ ಮೇಲೆ ನಿಂತು ಸುತ್ತುತ್ತೆ. ಕೀತ್ ಮೊಫಟ್ ಮತ್ತು ಯುಟಾಕಾ ಶಿಮೊಮುರಾ ಅನ್ನೋ ಇಬ್ಬರು ವಿಜ್ಞಾನಿಗಳು 2002ರಲ್ಲಿ ಇದರ ಗಣಿತ ಬಿಡಿಸಿ ತೋರಿಸಿದರು. ಮೇಜಿನ ಜೊತೆಗಿನ ಘರ್ಷಣೆಯೇ ಅದನ್ನು ಎಬ್ಬಿಸೋದು. ಹಸಿ ಮೊಟ್ಟೆಗೆ ಈ ಆಟ ಬರಲ್ಲ, ಕೊಟ್ಟ ಶಕ್ತಿಯೆಲ್ಲ ಬಹುಪಾಲು ಒಳಗಿನ ದ್ರವವನ್ನು ತಿರುಗಿಸೋದರಲ್ಲೇ ಖರ್ಚಾಗಿರುತ್ತೆ.