ಎಸ್‌ಜಿಓಟಿ ಜಾಸ್ತಿ ಬಂದರೆ ಲಿವರ್ ಹೋಯ್ತು ಅಂತಲ್ಲ

ಮೂಡಿಗೆರೆ ಕಡೆಯಿಂದ ಒಬ್ಬ ಹುಡುಗ ಅಮ್ಮನ ಜೊತೆ ಬಂದಿದ್ದ. ಕೈಯಲ್ಲಿ ಲಿವರ್ ಟೆಸ್ಟ್ ರಿಪೋರ್ಟ್, ಅದರಲ್ಲಿ ರಕ್ತದಲ್ಲಿನ ಎರಡು ಕಿಣ್ವಗಳ ಲೆಕ್ಕ: ಎಸ್‌ಜಿಓಟಿ 210, ಎಸ್‌ಜಿಪಿಟಿ 85. ಎರಡಕ್ಕೂ ಯಾರೋ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. "ಡಾಕ್ಟ್ರೇ, ದೇವರಾಣೆ ಇವನು ಕುಡಿಯಲ್ಲ" ಅಂತ ಅಮ್ಮ ಅಳೋಕೆ ಶುರು ಮಾಡಿದರು.

"ಹೋದ ವಾರ ಏನು ಕೆಲಸ ಮಾಡಿದ್ಯಪ್ಪಾ?" ಅಂತ ಕೇಳಿದೆ. ತೋಟದಲ್ಲಿ ಐದು ದಿನ ಮರಗಸಿ. ಅಭ್ಯಾಸ ಇಲ್ಲದವನು ಮರ ಹತ್ತಿ ಕೊಂಬೆ ಕಡಿದಿದ್ದಾನೆ. ರಟ್ಟೆ ಒತ್ತಿದರೆ ಮುಖ ಕಿವುಚಿದ, ಮೊಣಕೈ ಪೂರ್ತಿ ಚಾಚೋಕೆ ಆಗಲಿಲ್ಲ. ಸ್ನಾಯುವಿನ ಪರೀಕ್ಷೆ ಸಿಪಿಕೆ ಮಾಡಿಸಿದೆವು. ಸಾಮಾನ್ಯವಾಗಿ ಸುಮಾರು 200ರ ಒಳಗೆ ಇರಬೇಕಾದ್ದು 4,000 ದಾಟಿತ್ತು. ಕಾಮಾಲೆಯಲ್ಲಿ ಏರುವ ಹಳದಿ ಅಂಶ ಬಿಲಿರುಬಿನ್, ಲಿವರ್‌ನ ಇನ್ನೊಂದು ಕಿಣ್ವ ಜಿಜಿಟಿ, ಕಿಡ್ನಿ ಎಲ್ಲ ಸರಿ ಇತ್ತು.

ಈ ಎರಡು ಕಿಣ್ವಗಳನ್ನು ನಾವು ಲಿವರ್ ಟೆಸ್ಟ್ ಅಂತ ಕರೆಯುತ್ತೇವೆ ನಿಜ, ಆದರೆ ಸ್ನಾಯುವಿನಲ್ಲೂ ಇವು ಇವೆ, ಅದರಲ್ಲೂ ಎಸ್‌ಜಿಓಟಿ ಧಾರಾಳವಾಗಿದೆ, ಹಾಗಾಗಿ ಮೈ ಮುರಿದು ದುಡಿದಾಗ ಅಲ್ಲಿಂದಲೂ ರಕ್ತಕ್ಕೆ ಸೋರುತ್ತವೆ. ವಾರ ಕಳೆದರೂ ಜಾಸ್ತಿಯೇ ಇರಬಹುದು. ಇನ್ನೊಂದು ತೊಡಕು ಅಂದರೆ ಎಸ್‌ಜಿಓಟಿ ಬೇಗ ಇಳಿಯುತ್ತದೆ, ಎಸ್‌ಜಿಪಿಟಿ ನಿಧಾನ. ತಡವಾಗಿ ಟೆಸ್ಟ್ ಮಾಡಿಸಿದರೆ ಲಿವರ್‌ದೇ ತೊಂದರೆ ಅನ್ನೋ ಹಾಗೆ ಕಾಣುತ್ತದೆ. ಹೊಸದಾಗಿ ಜಿಮ್ ಸೇರಿದವರಲ್ಲೂ ಇದೇ ಕತೆ. ಮುಳ್ಳಯ್ಯನಗಿರಿ ಹತ್ತಿ ಬಂದು ಮಾರನೇ ದಿನವೇ ಹೆಲ್ತ್ ಚೆಕಪ್ ಬೇಡ ಅನ್ನೋದು ಅದಕ್ಕೇ.

ಬೇರೆ ಕಾರಣಗಳೂ ಇವೆ. ರಕ್ತ ತೆಗೆಯುವಾಗ, ಸಾಗಿಸುವಾಗ ಕೆಂಪು ಕಣ ಒಡೆದರೂ ಎಸ್‌ಜಿಓಟಿ ಏರುತ್ತದೆ. ಬೆಳೆಯುವ ಮಕ್ಕಳಿಗೆ ಮೂಳೆಯಿಂದ, ತುಂಬು ಬಸುರಿಯರಿಗೆ ಮಾಸುವಿನಿಂದ ಲಿವರ್ ಟೆಸ್ಟಲ್ಲೇ ಬರುವ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಜಾಸ್ತಿ ಬರುತ್ತದೆ, ಅದು ಸಹಜ. ಇನ್ನು ಕೆಲವರಿಗೆ ಉಪವಾಸ ಮಾಡಿದಾಗ, ಜ್ವರ ಬಂದಾಗ ಬಿಲಿರುಬಿನ್ ಮಾತ್ರ 2, 3ಕ್ಕೆ ಹೋಗಿ ಕಣ್ಣು ತುಸು ಹಳದಿಯಾಗುತ್ತದೆ. ಗಿಲ್ಬರ್ಟ್ ಅನ್ನುವ ಹುಟ್ಟುಗುಣ ಅದು. ಬೇರೆ ಕಾರಣ ಇಲ್ಲ ಅಂತ ಖಚಿತವಾದರೆ ಔಷಧಿ ಬೇಡ, ಕಾಮಾಲೆಗೆ ಅಂತ ಬೇರು ಅರೆದು ಕುಡಿಸುವುದಂತೂ ಬೇಡವೇ ಬೇಡ.

ನನಗೆ ನಿಜವಾಗಿ ಹೊಟ್ಟೆ ಉರಿಯೋದು ಇಲ್ಲೇ. ನಂಬರ್ ನೋಡಿ ಹೆದರಿದವರು ಸುಮ್ನೆ ಇರಲ್ಲ, ಯಾರೋ ಹೇಳಿದರು ಅಂತ ಕಷಾಯ ಶುರು ಮಾಡುತ್ತಾರೆ. ಅಮೃತಬಳ್ಳಿಯಿಂದಲೇ ಕೆಲವರ ಲಿವರ್ ಕೆಟ್ಟಿರೋದು ವರದಿಯಾಗಿದೆ. ಇಲ್ಲದ ಕಾಯಿಲೆಗೆ ಮದ್ದು ಕುಡಿದು ಇರೋ ಲಿವರ್ ಕೆಡಿಸಿಕೊಳ್ಳೋದು ಯಾಕೆ, ಅಲ್ವಾ? ನನ್ನ ಹತ್ತಿರ ಬರುವಾಗ ರಿಪೋರ್ಟ್ ಜೊತೆ ಮನೆಯಲ್ಲಿ ತಗೊಳ್ಳೋ ಮಾತ್ರೆ, ಪುಡಿ, ಬಾಟಲಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ ಅನ್ನುತ್ತೇನೆ.

ಆದರೆ ಜ್ವರ ಇದ್ದರೆ ಲೆಕ್ಕವೇ ಬೇರೆ. ನಮ್ಮ ಮಲೆನಾಡಲ್ಲಿ ಇಲಿ ಜ್ವರ ಇದೆ, ಮಂಗನ ಕಾಯಿಲೆ ಇದೆ, ಎರಡರಲ್ಲೂ ಮೈಕೈ ನೋವಿನ ಜೊತೆ ಈ ನಂಬರ್‌ಗಳು ಏರುತ್ತವೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಆ ಹುಡುಗನಿಗೆ ಇದ್ಯಾವುದೂ ಇರಲಿಲ್ಲ. ಚೆನ್ನಾಗಿ ನೀರು ಕುಡಿ, ಮರ ಹತ್ತಬೇಡ ಅಂತ ಹೇಳಿ ಕಳಿಸಿದೆ. ಮೂರು ವಾರದ ಮೇಲೆ ಎಸ್‌ಜಿಓಟಿ 28, ಎಸ್‌ಜಿಪಿಟಿ 31. ಅಮ್ಮ ರಿಪೋರ್ಟ್ ಇಸ್ಕೊಂಡು, ಮಡಚಿ, ಸೆರಗಿನ ತುದಿಗೆ ಕಟ್ಟಿಕೊಂಡರು.