ಇಸಿಯು ಕೆಲಸಕ್ಕೆ ಎಂಥ ಲ್ಯಾಪ್‌ಟಾಪ್ ಸಾಕು?

ಕಾರ್ಬ್ಯುರೇಟರ್ ಕಳಚಿ ಅದರ ಜಾಗದಲ್ಲಿ ತಾವೇ ಜೋಡಿಸಿದ ಫ್ಯೂಯಲ್ ಇಂಜೆಕ್ಷನ್ನನ್ನೂ ಅದನ್ನು ನಡೆಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರನ್ನೂ ಕೂರಿಸಿಕೊಂಡ ಹವ್ಯಾಸಿಗಳು ನನ್ನ ಬಳಿ ಬಂದರೆ, ಎಂಜಿನ್ನಿಗಿಂತ ಮೊದಲು ಲ್ಯಾಪ್‌ಟಾಪಿನ ಮಾತು ಬರುತ್ತದೆ. ಪ್ರೊಸೆಸರ್ ಎಷ್ಟು ವೇಗದ್ದಿರಬೇಕು, ರ‍್ಯಾಮ್ ಎಷ್ಟಿರಬೇಕು, ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಇರಬೇಕೇ ಎಂದು ಕೇಳುತ್ತಾರೆ. ಈ ಮೂರಕ್ಕೂ ನನ್ನ ಉತ್ತರ ಚಿಕ್ಕದು: ಕಡಿಮೆಯದೇ ಸಾಕು. ಅವರು ಕೇಳದೆ ಬಿಡುವ ಪೋರ್ಟು, ಡ್ರೈವರು, ಬ್ಯಾಟರಿ, ಪರದೆಗಳ ವಿಷಯಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಕಡಿಮೆಯದೇ ಏಕೆ ಸಾಕು ಎಂಬುದಕ್ಕೆ ಸರಳ ಲೆಕ್ಕವೊಂದಿದೆ. ಮೆಗಾಸ್ಕ್ವರ್ಟ್, ಸ್ಪೀಡುಯಿನೋ ಮೊದಲಾದ ಹವ್ಯಾಸಿ ಇಸಿಯುಗಳು ಸಾಮಾನ್ಯವಾಗಿ 1,15,200 ಬಾಡ್, ಅಂದರೆ ಸೆಕೆಂಡಿಗೆ ಅಷ್ಟು ಬಿಟ್, ವೇಗದಲ್ಲಿ ಲ್ಯಾಪ್‌ಟಾಪಿನೊಡನೆ ಮಾತನಾಡುತ್ತವೆ. ಒಂದು ಬೈಟಿಗೆ ಆರಂಭ ಮತ್ತು ಅಂತ್ಯದ ಬಿಟ್‌ಗಳೂ ಸೇರಿ ಹತ್ತು ಬಿಟ್ ಎಂದು ಹಿಡಿದರೆ, ಸೆಕೆಂಡಿಗೆ ಹೆಚ್ಚೆಂದರೆ 11,520 ಬೈಟ್‌ಗಳು ಹರಿದು ಬರುತ್ತವೆ. ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ಫೋಟೊದಷ್ಟು ಮಾಹಿತಿ ಈ ತಂತಿಯಲ್ಲಿ ಬರಬೇಕಾದರೆ ನಿಮಿಷಗಳೇ ಬೇಕು. ಸ್ಪೀಡುಯಿನೋ ಕುಳಿತಿರುವ ಆರ್ಡುಯಿನೋ ಮೆಗಾ ಬೋರ್ಡಿನ ಚಿಪ್ಪು ಓಡುವುದೇ 16 ಮೆಗಾಹರ್ಟ್ಸ್‌ನಲ್ಲಿ. ಅದರ ರ‍್ಯಾಮ್ 8 ಕಿಲೋಬೈಟ್, ಫ್ಲ್ಯಾಶ್ ಸ್ಮೃತಿ 256 ಕಿಲೋಬೈಟ್. ಇಂಧನವನ್ನು ಯಾವಾಗ, ಎಷ್ಟು ಚುಚ್ಚಬೇಕು, ಸ್ಪಾರ್ಕ್ ಯಾವ ಕೋನದಲ್ಲಿ ಹಾರಬೇಕು ಎಂಬುದನ್ನೆಲ್ಲ ಆ ಪುಟ್ಟ ಚಿಪ್ಪೇ ಲೆಕ್ಕ ಹಾಕುತ್ತದೆ. ಪಕ್ಕದಲ್ಲಿ ಕುಳಿತ ಲ್ಯಾಪ್‌ಟಾಪ್ ಅದನ್ನು ನೋಡುತ್ತದೆ, ಲಾಗ್ ಆಗಿ ಬರೆದಿಟ್ಟುಕೊಳ್ಳುತ್ತದೆ, ಟ್ಯೂನ್ ಮಾಡಲು ನಾವು ತಿದ್ದಿದ ಅಂಕಿಯನ್ನು ಕಳುಹಿಸುತ್ತದೆ, ಅಷ್ಟೇ.

ಹಾಗಾಗಿ 8 ಗಿಗಾಬೈಟ್ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ, ಐದಾರು ವರ್ಷ ಹಳೆಯ ಯಾವುದೇ ಕಚೇರಿ ದರ್ಜೆಯ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಧಾರಾಳವಾಯಿತು. ಎಸ್‌ಎಸ್‌ಡಿಯ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಓದುವ ತಲೆಯು ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಓಡುವ ವಾಹನದಲ್ಲಿ, ಗುಂಡಿ ಬಿದ್ದ ರಸ್ತೆಯಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ಲಾಗ್ ದಾಖಲಿಸುವವರಿಗೆ ಅದು ಹೇಳಿ ಮಾಡಿಸಿದ್ದಲ್ಲ. ಹಳೆಯ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇದ್ದರೂ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಲು ಬರುವಂತಿದ್ದರೆ ತೊಂದರೆಯಿಲ್ಲ.

ಹೊಸದಾಗಿ ಸಿಗುವ ಅತಿ ಅಗ್ಗದ ಲ್ಯಾಪ್‌ಟಾಪುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅವುಗಳಲ್ಲಿ ಹಲವು 32 ಅಥವಾ 64 ಗಿಗಾಬೈಟಿನ ಇಎಂಎಂಸಿ ಸಂಗ್ರಹವನ್ನು ಬೋರ್ಡಿಗೇ ಬೆಸುಗೆ ಹಾಕಿಕೊಂಡು ಬರುತ್ತವೆ. ವಿಂಡೋಸ್‌ನ ಒಂದೆರಡು ದೊಡ್ಡ ಅಪ್‌ಡೇಟ್ ಆಗುವ ಹೊತ್ತಿಗೆ ಅಲ್ಲಿ ಲಾಗ್ ಕಡತಗಳಿಗೆ ಜಾಗ ಉಳಿದಿರುವುದಿಲ್ಲ, ಬದಲಾಯಿಸೋಣವೆಂದರೆ ಬಿಚ್ಚಲು ಬರುವುದಿಲ್ಲ. ಕೆಲವು ಯಂತ್ರಗಳು ವಿಂಡೋಸ್‌ನ ಎಸ್ ಮೋಡ್‌ನಲ್ಲಿ ಬರುತ್ತವೆ. ಅದರಿಂದ ಹೊರಗೆ ಬರುವವರೆಗೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿಲ್ಲದ ಟ್ಯೂನಿಂಗ್ ತಂತ್ರಾಂಶವನ್ನು ಹಾಕಿಕೊಳ್ಳಲಾಗದು. ಅಷ್ಟೇ ಹಣಕ್ಕೆ ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುವ ಕಚೇರಿ ಲ್ಯಾಪ್‌ಟಾಪುಗಳು ಗಟ್ಟಿಮುಟ್ಟಾಗಿರುತ್ತವೆ, ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ. ಉದಾಹರಣೆಗೆ ಥಿಂಕ್‌ಪ್ಯಾಡ್ ಟಿ480 ಮಾದರಿಯಲ್ಲಿ ಒಳಗೊಂದು ಬ್ಯಾಟರಿ ಇದ್ದು, ಹಿಂಬದಿಯಲ್ಲಿ ಕಳಚಿ ಹಾಕಬಹುದಾದ ಇನ್ನೊಂದು ಬ್ಯಾಟರಿಯೂ ಇದೆ. ಯಂತ್ರವನ್ನು ಆಫ್ ಮಾಡದೆಯೇ ಬ್ಯಾಟರಿ ಬದಲಾಯಿಸಬಹುದು ಎಂಬ ಅನುಕೂಲ ಎಷ್ಟು ದೊಡ್ಡದೆಂದು ರಸ್ತೆ ಬದಿಯಲ್ಲಿ ಟ್ಯೂನ್ ಮಾಡಿದವರೇ ಬಲ್ಲರು.

ಆದರೆ ಲ್ಯಾಪ್‌ಟಾಪ್ ಆರಿಸುವ ಕೆಲಸ ಲ್ಯಾಪ್‌ಟಾಪಿನಿಂದ ಆರಂಭವಾಗಬಾರದು. ಮೊದಲು ನಿಮ್ಮ ಇಸಿಯುವಿಗೆ ಯಾವ ತಂತ್ರಾಂಶ ಬೇಕು, ಅದು ಯಾವ ಕಾರ್ಯಾಚರಣ ವ್ಯವಸ್ಥೆಯಲ್ಲಿ ಓಡುತ್ತದೆ, ಅದರ ಕೇಬಲಿನೊಳಗೆ ಯಾವ ಚಿಪ್ಪಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೆಗಾಸ್ಕ್ವರ್ಟ್, ಸ್ಪೀಡುಯಿನೋಗಳನ್ನು ಟ್ಯೂನ್ ಮಾಡುವ ಟ್ಯೂನರ್‌ಸ್ಟುಡಿಯೋ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇಸಿಯುವಿಗೆ ತಂತ್ರಾಂಶ ತುಂಬುವ ಬೇರೆ ಹಲವು ಫ್ಲ್ಯಾಶಿಂಗ್ ಸಾಧನಗಳಿಗೆ ವಿಂಡೋಸ್ ಇಲ್ಲದೆ ಗತಿಯಿಲ್ಲ. ಎಆರ್‌ಎಂ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳು ಸಾಮಾನ್ಯ ತಂತ್ರಾಂಶವನ್ನು ಅನುಕರಣೆಯ ಮೂಲಕ ಓಡಿಸಿಬಿಡುತ್ತವೆಯಾದರೂ ಡ್ರೈವರನ್ನು ಹಾಗೆ ಓಡಿಸಲಾರವು. ಎಆರ್‌ಎಂಗೆಂದೇ ಬರೆದ ಡ್ರೈವರ್ ಬೇಕಾಗುತ್ತದೆ, ವಾಹನದ ಇಸಿಯುಗಳು ಪರಸ್ಪರ ಮಾತನಾಡುವ ಕ್ಯಾನ್ ಜಾಲಕ್ಕೆ ಸೇರಿಸುವ ಹಳೆಯ ಅಡಾಪ್ಟರುಗಳಿಗೆ ಅದು ಸಿಗುವುದು ಕಷ್ಟ. ಮ್ಯಾಕ್‌ನೊಳಗೆ ವರ್ಚುವಲ್ ಯಂತ್ರವಾಗಿ ವಿಂಡೋಸ್ ಓಡಿಸುವವರಿಗೆ ಬೇರೊಂದು ತೊಡಕಿದೆ. ಫರ್ಮ್‌ವೇರ್, ಅಂದರೆ ಇಸಿಯುವಿನೊಳಗಿನ ತಂತ್ರಾಂಶ, ಹಾಕಲು ಬೋರ್ಡು ಅದನ್ನು ಸ್ವೀಕರಿಸುವ ಬೂಟ್‌ಲೋಡರ್ ಸ್ಥಿತಿಗೆ ಹೋದ ಕ್ಷಣ, ಅದು ಯುಎಸ್‌ಬಿಯಲ್ಲಿ ಬೇರೊಂದು ಸಾಧನವಾಗಿ ಮತ್ತೆ ಪ್ರತ್ಯಕ್ಷವಾಗುವುದುಂಟು. ಆಗ ಅದು ವರ್ಚುವಲ್ ಯಂತ್ರದ ಕೈತಪ್ಪಿ ಹೊರಗಿನ ವ್ಯವಸ್ಥೆಯ ಪಾಲಾಗುತ್ತದೆ, ಒಳಗಿನ ತಂತ್ರಾಂಶ ಸುಮ್ಮನೆ ಕಾಯುತ್ತ ಕೂರುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು, ಇಂಟೆಲ್ ಆದರೆ, ಒಂದೆರಡು ಅಪವಾದ ಬಿಟ್ಟು, ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಅದಕ್ಕೂ ಹಳೆಯ ಯಂತ್ರ ಅಗ್ಗವಾಗಿ ಸಿಕ್ಕರೆ ಬಿಡಬೇಕೇ ಎಂದು ಕೇಳುವವರಿಗೆ, ಅದನ್ನು ಗ್ಯಾರೇಜಿಗೆ ಮಾತ್ರ ಮೀಸಲಿಟ್ಟು ಇಂಟರ್ನೆಟ್ಟಿನಿಂದ ದೂರವಿಡುವುದಾದರೆ ಕೊಳ್ಳಿ ಎನ್ನುತ್ತೇನೆ. ಹೇಗೂ ಗ್ರೀಸು ಮೆತ್ತಿದ ಕೈಯಲ್ಲಿ ಮುಟ್ಟುವ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಇಟ್ಟುಕೊಳ್ಳುವುದು ಜಾಣತನವಲ್ಲ. ನೆಟ್ ಇಲ್ಲದ ಯಂತ್ರಕ್ಕೆ ಇನ್ನೂ ಒಂದು ಗುಣವಿದೆ: ಅಪ್‌ಡೇಟ್ ಬಂದಿತೆಂದು ಅದು ಕೆಲಸದ ನಡುವೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

ಲಿನಕ್ಸ್ ಹಳೆಯ ಯಂತ್ರಗಳಿಗೆ ಹೊಸ ಜೀವ ಕೊಡುತ್ತದೆ. ಕ್ಯಾನ್ ಬಸ್ಸಿನ ಮಾತು ಕೇಳಿಸಿಕೊಳ್ಳುವವರಿಗಂತೂ ಅದರಷ್ಟು ಅನುಕೂಲ ಬೇರೆಡೆ ಇಲ್ಲ, ಏಕೆಂದರೆ ಫೋಕ್ಸ್‌ವ್ಯಾಗನ್ ಕೊಡುಗೆಯಾಗಿ ಕೊಟ್ಟ ಸಾಕೆಟ್‌ಕ್ಯಾನ್ ವ್ಯವಸ್ಥೆ 2008ರಿಂದಲೂ ಅದರ ಕರ್ನಲ್‌ನೊಳಗೇ ಇದೆ. ತೊಡಕುಗಳೂ ಇವೆ. ಬಳಕೆದಾರರನ್ನು ಡಯಲ್‌ಔಟ್ ಗುಂಪಿಗೆ ಸೇರಿಸದಿದ್ದರೆ ಉಬುಂಟು ಎಂಬ ಲಿನಕ್ಸ್ ಬಗೆಯಲ್ಲಿ ಇಸಿಯುವಿನೊಡನೆ ಮಾತನಾಡುವ ಸೀರಿಯಲ್ ಪೋರ್ಟು ತೆರೆಯುವುದಿಲ್ಲ. ಉಬುಂಟು 22.04ರಲ್ಲಿ ಅಂಧರ ಬ್ರೈಲ್ ಪರದೆಗಾಗಿ ಇರುವ ಒಂದು ಸೇವೆಯು ಯುಎಸ್‌ಬಿ ಕೇಬಲುಗಳಲ್ಲಿ ಕಾಣುವ ಸಿಎಚ್340 ಚಿಪ್ಪನ್ನು ತನ್ನ ಸಾಧನವೆಂದೇ ಭಾವಿಸಿ ಹಿಡಿದುಕೊಂಡುಬಿಡುತ್ತಿತ್ತು. ಬೋರ್ಡು ಚುಚ್ಚಿದ ಕ್ಷಣ ಪೋರ್ಟು ಕಾಣಿಸಿಕೊಂಡು ಮರುಕ್ಷಣ ಮಾಯವಾಗುವುದನ್ನು ಕಂಡು ಕೇಬಲನ್ನೇ ಬದಲಾಯಿಸಿದವರು ಕಡಿಮೆಯಿಲ್ಲ. ನಾನೂ ಒಂದು ಮಧ್ಯಾಹ್ನವನ್ನು ಹಾಗೆಯೇ ಕಳೆದಿದ್ದೇನೆ.

ಇನ್ನು ಕೇಬಲಿನ ವಿಷಯ. ಯುಎಸ್‌ಬಿಯನ್ನು ಸೀರಿಯಲ್ ಆಗಿ ಬದಲಿಸುವ ಚಿಪ್ಪುಗಳಲ್ಲಿ ಎಫ್‌ಟಿಡಿಐ, ಸಿಪಿ2102, ಸಿಎಚ್340 ಮೂರೂ ದಿನನಿತ್ಯ ಕಾಣುವಂಥವು. ಎಫ್‌ಟಿಡಿಐ ಚಿಪ್ಪಿನ ವಿಂಡೋಸ್ ಡ್ರೈವರಿನಲ್ಲಿ ಲೇಟೆನ್ಸಿ ಟೈಮರ್ ಎಂಬ ಅಂಕಿಯೊಂದಿದ್ದು, ಅದು ಮೊದಲಿಗೆ 16 ಮಿಲಿಸೆಕೆಂಡಿಗೆ ನಿಂತಿರುತ್ತದೆ. ಅಂದರೆ ಇಸಿಯು ಕಳುಹಿಸಿದ ಉತ್ತರ ಪೊಟ್ಟಣ ತುಂಬುವಷ್ಟು ಇಲ್ಲದಿದ್ದರೆ, ಚಿಪ್ಪು ಅಷ್ಟು ಹೊತ್ತು ಕಾದು ಅದನ್ನು ಮುಂದಕ್ಕೆ ಕೊಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಪ್ರತಿ 5 ಮಿಲಿಸೆಕೆಂಡಿಗೆ ಒಂದು ಸಿಲಿಂಡರು ಉರಿಯುತ್ತದೆ. 16 ಮಿಲಿಸೆಕೆಂಡಿನಲ್ಲಿ ಮೂರು ಉರಿಗಳು ಕಳೆದುಹೋಗಿರುತ್ತವೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಇಂಧನ ಮಿಶ್ರಣ ತೆಳುವಾಯಿತೇ ಎಂದು ನೋಡಬೇಕಾದವರಿಗೆ ಈ ಕಾಯುವಿಕೆ ಲಾಗಿನ ಸಾಲುಗಳನ್ನು ವಿರಳಗೊಳಿಸುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು ಅದನ್ನು 1ಕ್ಕೆ ಇಳಿಸಿದರೆ ಸಾಕು, ಹಳೆಯ ಯಂತ್ರವೇ ಚುರುಕಾದಂತೆ ಕಾಣುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೆಂದು ಬಂದ ಒಬ್ಬರನ್ನು ಇಷ್ಟೇ ಮಾಡಿ ನಾನು ಮನೆಗೆ ಕಳುಹಿಸಿದ್ದುಂಟು.

2008ಕ್ಕಿಂತ ಹಿಂದಿನ ಅನೇಕ ವಾಹನಗಳ ರೋಗನಿದಾನಕ್ಕೆ ಕ್ಯಾನ್ ಬದಲು ಕೆ-ಲೈನ್ ಎಂಬ ಒಂಟಿ ತಂತಿಯ ಸಂಪರ್ಕ ಬಳಸಬೇಕಾಗುತ್ತದೆ. ಅವುಗಳಲ್ಲಿ ಕೆಲವು ಇಸಿಯುಗಳನ್ನು ಎಬ್ಬಿಸಲು 5 ಬಾಡ್ ವೇಗದಲ್ಲಿ ವಿಳಾಸ ಕಳುಹಿಸಬೇಕು. ಒಂದೊಂದು ಬಿಟ್ಟೂ 200 ಮಿಲಿಸೆಕೆಂಡ್, ಒಟ್ಟು ಎರಡು ಸೆಕೆಂಡು. ಇಷ್ಟು ನಿಧಾನದ ಮಾತು ಎಲ್ಲ ಅಗ್ಗದ ಕೇಬಲುಗಳಿಗೂ ಬರುವುದಿಲ್ಲ. ಇಂಥ ವಾಹನಗಳೇ ನಿಮ್ಮ ಹವ್ಯಾಸವಾದರೆ, ಒಂಬತ್ತು ಪಿನ್ನಿನ ನಿಜವಾದ ಸೀರಿಯಲ್ ಪೋರ್ಟು ಇರುವ ಹಳೆಯ ಯಂತ್ರವೊಂದು ಸಿಕ್ಕರೆ ಬಿಡಬೇಡಿ. ಹದಿನಾರು ಬಿಟ್‌ನ ಪುರಾತನ ತಂತ್ರಾಂಶ ಬೇಕಾದವರು 32 ಬಿಟ್‌ನ ವಿಂಡೋಸ್ ಇರುವ ಯಂತ್ರವನ್ನೇ ಹುಡುಕಬೇಕು, 64 ಬಿಟ್‌ನದು ಅದನ್ನು ತೆರೆಯುವುದೇ ಇಲ್ಲ.

ಪರದೆಯ ಬಗ್ಗೆ ಕೊಳ್ಳುವಾಗ ಯಾರೂ ಯೋಚಿಸುವುದಿಲ್ಲ, ಮೊದಲ ಬಿಸಿಲಿನಲ್ಲಿ ಎಲ್ಲರೂ ಪೇಚಾಡುತ್ತಾರೆ. ಅಗ್ಗದ ಲ್ಯಾಪ್‌ಟಾಪುಗಳ ಪರದೆಯ ಹೊಳಪು ಸುಮಾರು 220ರಿಂದ 250 ನಿಟ್ ಇರುತ್ತದೆ. ಕೋಣೆಯೊಳಗೆ ಅದು ಸಾಕು, ಕಾರಿನ ಕಿಟಕಿಯಿಂದ ಬೆಳಕು ಬೀಳುವಾಗ ಸಾಲದು. ಹೊಳೆಯುವ ಗಾಜಿನ ಪರದೆಯಾದರೆ ಇಂಧನದ ಕೋಷ್ಟಕದ ಬದಲು ನಿಮ್ಮ ಮುಖವೇ ಕಾಣುತ್ತದೆ. ಮ್ಯಾಟ್ ಪರದೆ ಕಡ್ಡಾಯವೆಂದು ಹಿಡಿಯಿರಿ, 400 ನಿಟ್‌ಗೆ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಓಡುವ ವಾಹನದಲ್ಲಿ ಟ್ಯೂನ್ ಮಾಡುವುದಾದರೆ ಓಡಿಸುವವರು ಬೇರೆ, ಲ್ಯಾಪ್‌ಟಾಪ್ ನೋಡುವವರು ಬೇರೆ ಇರಲೇಬೇಕು. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇದ್ದರೆ ಅದರೆದುರು ತೆರೆದ ಲ್ಯಾಪ್‌ಟಾಪ್ ಹಿಡಿದು ಕೂರುವುದು ಅಪಾಯಕರ. ನಾನು ಹಿಂದಿನ ಸೀಟಿಗೆ ತಲಪುವಷ್ಟು ಉದ್ದದ ಕೇಬಲನ್ನೇ ಇಟ್ಟುಕೊಂಡಿದ್ದೇನೆ.

ಬ್ಯಾಟರಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ವಾಹನಕ್ಕೆ ಜೋಡಿಸಿರುವಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ಓಡುವುದು ಉತ್ತಮ. ಮನೆಯ ವಿದ್ಯುತ್ತಿನ ಅಥವಾ ಇನ್ವರ್ಟರಿನ ಚಾರ್ಜರ್ ಸಿಕ್ಕಿಸಿದರೆ, ಯುಎಸ್‌ಬಿ ತಂತಿಯ ಮೂಲಕ ಚಾರ್ಜರಿನ ಕಡೆಯ ಗ್ರೌಂಡ್‌ಗೂ ವಾಹನದ ಗ್ರೌಂಡ್‌ಗೂ ಬೇಡದ ಸಂಬಂಧ ಏರ್ಪಡುತ್ತದೆ. ಸೆನ್ಸರಿನ ಅಂಕಿಗಳು ಕುಣಿಯುವುದಕ್ಕೂ ಸಂಪರ್ಕ ಕಡಿಯುವುದಕ್ಕೂ ಇದೇ ಎಷ್ಟೋ ಸಲ ಕಾರಣ. ವಾಹನದ 12 ವೋಲ್ಟ್ ಕೂಡ ಹೆಸರಿಗೆ ಮಾತ್ರ 12. ಸ್ಟಾರ್ಟರ್ ತಿರುಗುವಾಗ ಅದು 8 ವೋಲ್ಟಿಗೋ ಇನ್ನೂ ಕೆಳಕ್ಕೋ ಕುಸಿಯಬಹುದು, ಎಂಜಿನ್ನು ಓಡುವಾಗ 14ರ ಆಸುಪಾಸಿಗೆ ಏರುತ್ತದೆ, ಬ್ಯಾಟರಿಯ ತಂತಿ ಸಡಿಲಾಗಿ ಕಳಚಿದರೆ ಆಲ್ಟರ್ನೇಟರಿನಿಂದ ಹತ್ತಾರು ವೋಲ್ಟಿನ ಅಲೆಯೇ ಎದ್ದೀತು. ಆದ್ದರಿಂದ ಎರಡು ಗಂಟೆಯಾದರೂ ಬಾಳುವ ಬ್ಯಾಟರಿ ಇರಲಿ. ಸ್ಪಾರ್ಕಿನ ಗದ್ದಲ ಹೆಚ್ಚಿರುವ ಎಂಜಿನ್ನಿಗೆ ಎರಡೂ ಕಡೆಯ ಗ್ರೌಂಡನ್ನು ಬೇರ್ಪಡಿಸುವ ಯುಎಸ್‌ಬಿ ಐಸೊಲೇಟರ್ ಎಂಬ ಪುಟ್ಟ ಪೆಟ್ಟಿಗೆಯನ್ನು ನಡುವೆ ಸೇರಿಸುವುದು ದುಬಾರಿಯೇನಲ್ಲ.

ನನ್ನ ಕಣ್ಣೆದುರೇ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಯುವಕರೊಬ್ಬರು ತೆಳ್ಳಗಿನ ಹೊಸ ಲ್ಯಾಪ್‌ಟಾಪನ್ನು ರೇಡಿಯೇಟರಿನ ಮೇಲಿನ ಅಡ್ಡಪಟ್ಟಿಯ ಮೇಲಿಟ್ಟು ಇಸಿಯುವಿಗೆ ಹೊಸ ಫರ್ಮ್‌ವೇರ್ ಹಾಕುತ್ತಿದ್ದರು. ಹಸಿರು ಪಟ್ಟಿ ಅರ್ಧ ದಾಟಿ ತುಸು ಮುಂದೆ ಹೋಗಿತ್ತು. ಒಂದು ಕನೆಕ್ಟರು ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಲು ಅವರು ಒಂದು ಕೈಯಿಂದ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮಡಿಸಿದರು. ಯಂತ್ರ ನಿದ್ರೆಗೆ ಹೋಯಿತು, ಪೋರ್ಟಿನ ವಿದ್ಯುತ್ ನಿಂತಿತು, ಬೋರ್ಡಿನ ಮಿಣುಕು ದೀಪ ಆರಿತು. ಪ್ರೋಗ್ರಾಮರ್ ಸಾಧನದ ಆರು ಪಿನ್ನುಗಳನ್ನು ಬೋರ್ಡಿಗೆ ನೇರವಾಗಿ ಹಚ್ಚಿ ಅದನ್ನು ಎಬ್ಬಿಸುವ ಹೊತ್ತಿಗೆ ಕತ್ತಲಾಗಿತ್ತು. ಹೊಸದಾಗಿ ಕೊಂಡ ಯಂತ್ರದಲ್ಲಿ ಮೊದಲು ಮಾಡಬೇಕಾದ ಕೆಲಸವೆಂದರೆ ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಎಂದು ಪವರ್ ಆಯ್ಕೆಗಳಲ್ಲಿ ಹೇಳುವುದು. ಅಲ್ಲಿಯೇ ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನೂ ಆಫ್ ಮಾಡಿಬಿಡಬೇಕು. ಬ್ಲೂಟೂತ್ ಮೂಲಕ ಮೀಟರ್ ನೋಡಿಕೊಳ್ಳಿ, ಫರ್ಮ್‌ವೇರ್ ಮಾತ್ರ ತಂತಿಯಲ್ಲೇ ಹೋಗಲಿ.

ಸೆಕೆಂಡ್‌ಹ್ಯಾಂಡ್ ಯಂತ್ರ ನೋಡಲು ಹೋಗುವಾಗ ನಾನು ಜೇಬಿನಲ್ಲಿ ಒಂದು ಯುಎಸ್‌ಬಿ-ಸೀರಿಯಲ್ ಅಡಾಪ್ಟರು, ಒಂದು ಗೇಣು ತಂತಿ ಮತ್ತು ಡ್ರೈವರು ತುಂಬಿದ ಪೆನ್‌ಡ್ರೈವ್ ಒಯ್ಯುತ್ತೇನೆ. ಅಡಾಪ್ಟರಿನ ಕಳುಹಿಸುವ ಪಿನ್ನನ್ನೂ ಸ್ವೀಕರಿಸುವ ಪಿನ್ನನ್ನೂ ಆ ತಂತಿಯಿಂದ ಜೋಡಿಸಿ ಟರ್ಮಿನಲ್ ತಂತ್ರಾಂಶ ತೆರೆದರೆ, ಒತ್ತಿದ ಅಕ್ಷರವೇ ಹಿಂದಿರುಗಿ ಪರದೆಯ ಮೇಲೆ ಮೂಡಬೇಕು. ಒಂದೊಂದು ಯುಎಸ್‌ಬಿ ಕಿಂಡಿಯಲ್ಲೂ ಹೀಗೆ ಅಕ್ಷರಗಳನ್ನು ಒತ್ತುತ್ತ ಪ್ಲಗ್ಗನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸುತ್ತೇನೆ. ಪರದೆಯ ಕೀಲನ್ನೂ ಆಡಿಸಿ ನೋಡುತ್ತೇನೆ. ವಿಂಡೋಸ್‌ನಲ್ಲಿಯೇ ಇರುವ ಬ್ಯಾಟರಿ ವರದಿಯನ್ನು ತೆಗೆದು, ಹೊಸದರಲ್ಲಿದ್ದ ಸಾಮರ್ಥ್ಯದ ಪಕ್ಕದಲ್ಲಿ ಈಗ ತುಂಬುವ ಸಾಮರ್ಥ್ಯವನ್ನು ಓದುತ್ತೇನೆ. ಅದು ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನೂ ಬೆಲೆಗೆ ಸೇರಿಸಿಯೇ ಮಾತನಾಡುತ್ತೇನೆ. ಆಮೇಲೆ ಚಾರ್ಜರ್ ಕಿತ್ತು, ಅಡಾಪ್ಟರನ್ನು ಹಾಗೆಯೇ ಬಿಟ್ಟು, ಅರ್ಧ ಗಂಟೆ ಯಂತ್ರವನ್ನು ಓಡಲು ಬಿಡುತ್ತೇನೆ. ಮಾರುವವರು ಬೇಸರಪಟ್ಟುಕೊಳ್ಳಬಹುದು, ಅದಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಪೋರ್ಟು ಒಮ್ಮೆಯಾದರೂ ಮಾಯವಾಗಿ ಮತ್ತೆ ಬಂದರೆ, ಪ್ರೊಸೆಸರ್ ಎಂಥದ್ದೇ ಇರಲಿ, ಯಂತ್ರವನ್ನು ಅಲ್ಲಿಯೇ ಬಿಟ್ಟು ಬರುತ್ತೇನೆ.