ಕಾರ್ಲೈಲ್ ನೋಡೋಕೆ ಒಂದು ದಿನ ಸಾಕಾ?

ಪ್ರಶ್ನೆ: ಲಂಡನ್ನಿಂದ ರೈಲಿನಲ್ಲಿ ಸ್ಕಾಟ್ಲೆಂಡಿಗೆ ಹೊರಟಿದ್ದೇವೆ. ದಾರಿಯಲ್ಲಿ ಕಾರ್ಲೈಲ್‌ನಲ್ಲಿ ಇಳಿಯಬಹುದಾ? ಒಂದು ದಿನ ಸಾಕಾಗುತ್ತಾ?

ಉತ್ತರ: ಖಂಡಿತ ಇಳಿಯಿರಿ. ಕಾರ್ಲೈಲ್ ಇಂಗ್ಲೆಂಡಿನಲ್ಲಿ, ಸ್ಕಾಟ್ಲೆಂಡ್ ಗಡಿಯ ಹತ್ತಿರವೇ ಇರುವ ಊರು. ಊರಿಗೆ ಒಂದು ದಿನ ಧಾರಾಳವಾಗಿ ಸಾಕು. ಸ್ಟೇಷನ್ನು, ಕೆಥೀಡ್ರಲ್ಲು (ಬಿಷಪ್‌ರ ಮುಖ್ಯ ಚರ್ಚು), ಕೋಟೆ ಎಲ್ಲವೂ ನಡೆದೇ ಹೋಗುವಷ್ಟು ಹತ್ತಿರ.

ಮೊದಲು ಕೆಥೀಡ್ರಲ್‌ಗೆ ಹೋಗಿ. 1122ರಲ್ಲಿ ಶುರುವಾದ ಮಠ ಇದು. ಹೊರಗಿನಿಂದ ನೋಡಿದರೆ ಒಂದು ಕಡೆ ಮೊಟಕಾಗಿ ಕಾಣುತ್ತದೆ, ಅಲ್ವಾ? ನಿಜಕ್ಕೂ ಮೊಟಕಾಗಿದೆ. 17ನೇ ಶತಮಾನದ ಇಂಗ್ಲಿಷ್ ಅಂತರ್ಯುದ್ಧದ ಕಾಲದಲ್ಲಿ ಸ್ಕಾಟಿಷ್ ಸೈನಿಕರು ಪಶ್ಚಿಮದ ಭಾಗವನ್ನು ಕೆಡವಿ, ಆ ಕಲ್ಲನ್ನು ಕೋಟೆ ಗಟ್ಟಿಮಾಡಲು ಸಾಗಿಸಿದರು. ಏಳು ಅಂಕಣಗಳಲ್ಲಿ ಉಳಿದದ್ದು ಎರಡೇ. ಅಲ್ಲಿನ ದಪ್ಪ ನಾರ್ಮನ್ ಕಮಾನುಗಳನ್ನು ಗಮನಿಸಿ. ನೆಲ ಕುಸಿದು ಸೊಟ್ಟಗಾಗಿವೆ, ಆದರೂ ಇಷ್ಟು ಶತಮಾನ ನಿಂತಿವೆ. ಒಳಗೆ ಹೋಗಿ ತಲೆ ಎತ್ತಿದರೆ ಕಡುನೀಲಿ ಚಾವಣಿ, ತುಂಬಾ ಬಂಗಾರದ ನಕ್ಷತ್ರಗಳು. ಈಗಿನ ಬಣ್ಣ 1856ರದ್ದು. ಪೂರ್ವದ ದೊಡ್ಡ ಕಿಟಕಿಯ ಮೇಲ್ಭಾಗದ ಗಾಜು ಮಾತ್ರ 14ನೇ ಶತಮಾನದ್ದು. ಬೆಳಿಗ್ಗೆ ಬಿಸಿಲು ಬಿದ್ದಾಗ ನೋಡಿದರೆ ಚಂದ.

ಅಲ್ಲಿಂದ ಕೋಟೆಗೆ. ಇಂಗ್ಲೆಂಡಿನ ರಾಜ ಎರಡನೇ ವಿಲಿಯಂ 1092ರಲ್ಲಿ ಕಟ್ಟಿಸಲು ಶುರುಮಾಡಿದ್ದು. ಗಡಿ ಹತ್ತಿರವಾದ್ದರಿಂದ ಇಲ್ಲಿ ನೆಮ್ಮದಿಯೇ ಇರಲಿಲ್ಲ. ಒಮ್ಮೆ ಇಂಗ್ಲಿಷರದ್ದು, ಒಮ್ಮೆ ಸ್ಕಾಟರದ್ದು. ಎರಡೂ ಕಡೆಯ ತುರುಗಳ್ಳರ ಕಾಟ ಬೇರೆ. 1568ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಇಲ್ಲೇ ಸೆರೆಯಲ್ಲಿ ಇಟ್ಟಿದ್ದರು. ಅವಳಿದ್ದ ಗೋಪುರ ಈಗಿಲ್ಲ. ನಡುವಿನ ದೊಡ್ಡ ಗೋಪುರ ಇದೆ. ಅದರ ಗೋಡೆಯಲ್ಲಿ ಸುಮಾರು 1480ರ ಕೆತ್ತನೆಗಳಿವೆ: ಪ್ರಾಣಿಗಳು, ಮನುಷ್ಯರು, ಲಾಂಛನಗಳು. ಸುಮ್ನೆ ದಾಟಿ ಹೋಗಬೇಡಿ, ಒಂದೊಂದನ್ನೂ ಹತ್ತಿರದಿಂದ ನೋಡಿ. ಕೆಳಗಿನ ಕತ್ತಲೆ ಕೋಣೆಯಲ್ಲಿ ಕೆಲವು ಕಲ್ಲುಗಳು ಸವೆದು ನುಣುಪಾಗಿವೆ. ಬ್ರಿಟಿಷ್ ರಾಜನ ವಿರುದ್ಧ ಎದ್ದ 1745ರ ದಂಗೆಯ ಕೈದಿಗಳನ್ನು ಇಲ್ಲಿ ತುಂಬಿದ್ದರು. ಬಾಯಾರಿ ಈ ಕಲ್ಲುಗಳ ಪಸೆಯನ್ನೇ ನೆಕ್ಕುತ್ತಿದ್ದರು ಅಂತ ಹೇಳುತ್ತಾರೆ. ಅಲ್ಲಿ ನಿಂತಾಗ ಗಂಟಲು ಕಟ್ಟುತ್ತದೆ.

ಕೋಟೆಗೆ ಟಿಕೆಟ್ ಇದೆ. ಚಳಿಗಾಲದಲ್ಲಿ ತೆರೆಯುವ ದಿನ ಕಡಿಮೆ, ವಿಚಾರಿಸಿಕೊಂಡು ಹೊರಡಿ. ರೋಮನ್ನರ ಹೇಡ್ರಿಯನ್ ಗೋಡೆ ನೋಡುವ ಆಸೆಯಿದ್ದರೆ ಇನ್ನೊಂದು ದಿನ ಇಟ್ಟುಕೊಳ್ಳಿ. ಊರೊಳಗೆ ಅದು ಮನೆಗಳ ಕೆಳಗೆ ಹೂತುಹೋಗಿದೆ. ಪೂರ್ವಕ್ಕಿರುವ ಬರ್ಡ್‌ಆಸ್ವಲ್ಡ್‌ಗೆ ಹೋದರೆ ಉದ್ದಕ್ಕೂ ಕಾಣಸಿಗುತ್ತದೆ.

ಎರಡು ರೈಲುಗಳ ನಡುವೆ ಬರೀ ಎರಡು ಗಂಟೆ ಸಿಕ್ಕಿದರೆ? ಕೋಟೆ ಬಿಡಿ. ಆ ನಕ್ಷತ್ರಗಳ ಕೆಳಗೆ ಕೂತು ಬನ್ನಿ.